ಮೊಣಕೈ ಎತ್ತದೆ ಹೊನವಾಡದವರೆಗೆ

ಆ ಸೈಕಲ್ಲಿಗೆ ಬ್ರೇಕ್ ಇತ್ತು, ಆದರೆ ಕೈ ಇರುವಲ್ಲಿ ಇರಲಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೆಯೇ. ಈಜಿ, ಸೈಕಲ್ ತುಳಿದು, ಓಡಿ ಮುಗಿಸುವ ಟ್ರಯಥ್ಲಾನ್ ಸ್ಪರ್ಧೆಗೆಂದೇ ಮಾಡಿದ ಸೈಕಲ್ ಅದು. ಹ್ಯಾಂಡಲ್ಲಿನ ನಡುವೆ ಎರಡು ಮೆತ್ತನೆಯ ದಿಂಬು. ಅವುಗಳ ಮೇಲೆ ಮೊಣಕೈ ಊರಿ, ಮುಂದೆ ಚಾಚಿದ ಎರಡು ಕೊಳವೆ ಹಿಡಿದು, ಗಾಳಿಗೆ ಎದೆ ಕೊಡದಂತೆ ಬಾಗಿ ತುಳಿಯಬೇಕು. ಬ್ರೇಕ್ ಬೇಕೆಂದರೆ ಮೊಣಕೈ ಎತ್ತಿ, ಕೈ ಹಿಂದಕ್ಕೆಳೆದು ಬದಿಯ ಹ್ಯಾಂಡಲ್ ಹಿಡಿಯಬೇಕು. ಎಂಟು ವರ್ಷ ಸಾದಾ ರೇಸ್ ಸೈಕಲ್ ತುಳಿದ ನನ್ನ ಬೆರಳುಗಳು ಪ್ರತಿ ಗುಂಡಿಗೂ ಅಲ್ಲಿಲ್ಲದ ಬ್ರೇಕನ್ನು ಹುಡುಕುತ್ತಿದ್ದವು. ದೂರದಲ್ಲಿ ಟ್ರ್ಯಾಕ್ಟರ್ ಕಂಡರೂ ಸಾಕು, ಮೊಣಕೈ ಎತ್ತಿ ಎದ್ದು ಕೂರುತ್ತಿದ್ದೆ.

ವಿಜಯಪುರದ ನಮ್ಮ ತಂಡಕ್ಕೆ ಬಂದದ್ದು ಅಂಥದ್ದೊಂದೇ ಸೈಕಲ್. ಅದರ ಮೇಲೆ ಕಣ್ಣಿಟ್ಟವರು ಇಬ್ಬರು ಹುಡುಗಿಯರು: ನಾನು, ಮತ್ತೆ ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುವವಳು. ಅವಳು ಎರಡೇ ದಿನದಲ್ಲಿ ಅದರ ಮೇಲೇ ಹುಟ್ಟಿದವಳ ಹಾಗೆ ಹೊಡೆಯತೊಡಗಿದ್ದಳು. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಸ್ಪರ್ಧೆಗೆ ಎರಡು ವಾರ ಇದ್ದಾಗ ತರಬೇತಿ ಕೊಡುವ ಸರ್ ನನ್ನನ್ನು ಕರೆದರು.

“ಟಿಕೋಟಾದಿಂದ ಹೊನವಾಡದ ತನಕ ಮೊಣಕೈ ಎತ್ತದಂಗ ಹೊಡಿ. ನಾ ಹಿಂದ ಗಾಡಿ ಮ್ಯಾಲ ಬರ್ತೀನಿ. ಎತ್ತಿದಿ ಅಂದ್ರ ಸೈಕಲ್ ಆಕಿಗೆ.”

“ಅಡ್ಡ ಏನರೆ ಬಂದ್ರರಿ, ಸರ್?”

“ಬಂದ್ರ ಎತ್ತಬೇಕಲ. ಸುಮ್ಸುಮ್ನ ಅಂಜಿ ಎತ್ತಬ್ಯಾಡ ಅನ್ನಾಕತ್ತೇನಿ.”

ಮರುದಿನ ಬೆಳಗ್ಗೆ ಟಿಕೋಟಾ ದಾಟುತ್ತಲೇ ಬಾಗಿದೆ. ಬಸ್ಸೊಂದು ಹಾರ್ನ್ ಹೊಡೆಯುತ್ತ ಮೈಗೆ ಒರೆಸಿಕೊಂಡೇ ಹೋಯಿತು. ಹಲ್ಲು ಕಚ್ಚಿದೆ, ಎತ್ತಲಿಲ್ಲ. ದ್ರಾಕ್ಷಿ ತೋಟದ ನಾಯಿ ಬೆನ್ನು ಹತ್ತಿತು. ಎತ್ತಲಿಲ್ಲ. ಹಿಂದೆ ಸರ್ ಬೈಕಿನ ಸದ್ದು ಬಿಡದೆ ಕೇಳುತ್ತಿತ್ತು.

ಹೊನವಾಡ ಇನ್ನು ಎರಡು ಕಿಲೋಮೀಟರ್ ಇರಬೇಕು, ಮುಂದೆ ರಸ್ತೆಯ ಅರ್ಧಕ್ಕೆ ಹುರುಳಿ ಹರವಿದ್ದು ಕಂಡಿತು. ನಮ್ಮ ಕಡೆ ಈಗ ಕಣ ಮಾಡುವ ತಾಪತ್ರಯ ಯಾರಿಗೆ ಬೇಕು? ಕಿತ್ತ ಬಳ್ಳಿಯನ್ನು ಡಾಂಬರಿನ ಮೇಲೆ ಹರವಿದರೆ ಹೋಗಿಬರುವ ಲಾರಿ, ಬಸ್ಸುಗಳೇ ತುಳಿದು ಕಾಳು ಬಿಡಿಸುತ್ತವೆ. ನಡುವೆ ಒಬ್ಬ ಮುದುಕಿ ಕೋಲಿನಿಂದ ಬಳ್ಳಿ ತಿರುವಿ ಹಾಕುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ನಾನೂ ಅವಳನ್ನೇ ನೋಡಿದೆ. ಎದುರಿನಿಂದ ಟ್ರ್ಯಾಕ್ಟರ್ ಬರುತ್ತಿತ್ತು, ಪಕ್ಕಕ್ಕೆ ಹೊರಳಲು ಜಾಗವಿರಲಿಲ್ಲ. ಈಗಲೇ ಕೈ ಎತ್ತಬೇಕೆಂದು ಗೊತ್ತಿತ್ತು. ಆದರೆ ಇಷ್ಟು ದೂರದಿಂದಲೇ ಎತ್ತಿದರೆ ನಾನು ಅಂಜಿದೆ ಎಂದುಕೊಳ್ಳುತ್ತಾರೆ ಸರ್. ಮುದುಕಿ ಸರಿಯುತ್ತಾಳೆ ಬಿಡು ಎಂದು ಇನ್ನೂ ನಾಲ್ಕು ಸುತ್ತು ಪೆಡಲ್ ತುಳಿದೆ.

ಅಷ್ಟು ಬೇಗ ಸರಿಯಲು ಅವಳ ಕಾಲಿಗೆ ಆಗಲಿಲ್ಲ. ನನ್ನ ಕೈ ಬ್ರೇಕಿಗೆ ಬರುವಷ್ಟರಲ್ಲಿ ಮುಂದಿನ ಗಾಲಿ ಬಳ್ಳಿಯ ಮೇಲೆ ಜಾರಿತು. ಸೈಕಲ್ ಒಂದು ಕಡೆ, ನಾನೊಂದು ಕಡೆ. ನನ್ನ ಭುಜ ಅವಳ ಸೊಂಟಕ್ಕೆ ಬಡಿದು ಇಬ್ಬರೂ ಹುರುಳಿಯ ಮೇಲೆ ಬಿದ್ದೆವು.

ಸರ್ ಬೈಕ್ ಕೆಡವಿ ಓಡಿ ಬಂದರು. ಮುದುಕಿಯನ್ನು ಹಿಡಿದು ಕೂರಿಸಿದರು. ಮುಂಗೈ ತರಚಿತ್ತು, ಬಳೆ ಒಡೆದಿದ್ದವು. ಪುಣ್ಯಕ್ಕೆ ಕೈಕಾಲು ಆಡುತ್ತಿದ್ದವು. ನಾನು ಎದ್ದು ಕುಳಿತು ಅಳತೊಡಗಿದೆ.

“ತಪ್ಪ ತಿಳ್ಕೋಬ್ಯಾಡ್ರಿ, ಯವ್ವಾ. ಈ ಸೈಕಲ್ ಮ್ಯಾಲ ತಲಿ ಬಗ್ಗಿರ್ತೈತಿ, ಹುಡುಗಿಗೆ ನೀವು ಕಂಡಿಲ್ಲ,” ಎಂದರು ಸರ್. ನನ್ನ ಕಡೆ ತಿರುಗಿ ಮೆಲ್ಲಗೆ, “ಅಳಬ್ಯಾಡ. ಅಂಜಲಿಲ್ಲ ನೀ. ಸೈಕಲ್ ನಿಂದ” ಎಂದರು.

ಮುದುಕಿ ಹುರುಳಿಯೊಳಗಿನ ಬಳೆಚೂರು ಆರಿಸುತ್ತಿದ್ದಳು, ನಾಳೆ ಯಾರದೋ ಬಾಯಿಗೆ ಹೋಗಬಾರದಲ್ಲ. ತಲೆ ಎತ್ತದೆಯೇ ಹೇಳಿದಳು.

“ಕಂಡೇನ್ರಿ ಆಕಿಗೆ. ನನ್ನ ಮಾರಿ ನೋಡ್ಕೋತನ ಬಂದಾಳ.”

ಸರ್ ನನ್ನತ್ತ ನೋಡಿದರು. ಮುದುಕಿಯ ಪಕ್ಕ ಕುಳಿತು ನಾನೂ ಗಾಜು ಆರಿಸತೊಡಗಿದೆ. ಸರ್ ಬಿದ್ದ ಸೈಕಲ್ ಎತ್ತಿ ನಿಲ್ಲಿಸಿ, ಬಬಲೇಶ್ವರದ ಹುಡುಗಿಗೆ ಫೋನ್ ಹಚ್ಚಿದರು.