ಸುಹಾಸಿನಿ ಅಕ್ಕೋರು ಹಂಚಿದ ಪಾಲು

ಅಳಿಸಿದವರು ನಗರದಲ್ಲಿ ಕುಳಿತವರು. ತಂತ್ರಾಂಶವೊಂದರ ಕೊಡುಗೆದಾರರ ಪುಟದಿಂದ ಅಳಿಸಿಹೋದದ್ದು ಅಂಕೋಲೆಯ ಬಳಿಯ ಬೊಬ್ರುವಾಡದ ಹೆಂಗಸರ ಹೆಸರು. ಅದರಲ್ಲೂ ದೀಪಾಳದ್ದು. ಬೆಳಿಗ್ಗೆ ಅಂಕೋಲೆಯ ಪೇಟೆಯಲ್ಲಿ ಅತ್ತೆಯೊಡನೆ ಮೀನು ಮಾರಿ, ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಆಕೆಗೆ, ಕಲಿತದ್ದನ್ನು ಕೆಲಸ ಕೊಡುವವರಿಗೆ ತೋರಿಸಲು ಆ ಹೆಸರೊಂದೇ ಆಧಾರವಾಗಿತ್ತು. ಈ ಅನ್ಯಾಯವನ್ನು ಮೊದಲು ಹೇಳದೆ ಸುಹಾಸಿನಿ ಅಕ್ಕೋರ ಬಗ್ಗೆ ಬರೆದರೆ ಅವರೇ ನನ್ನ ಕಿವಿ ಹಿಂಡುತ್ತಿದ್ದರು.

ಕಾರವಾರದ ಕೋಡಿಬಾಗದ ಅಕ್ಕೋರು ಹೈಸ್ಕೂಲಿನಲ್ಲಿ ನಮಗೆ ಕಂಪ್ಯೂಟರ್ ಕಲಿಸಿದವರು. ಪರದೆಯ ಮೇಲೆ ದೋಷದ ಸಂದೇಶ ಬಂದರೆ ಅದನ್ನು ಹಿಂದಿನ ಬೆಂಚಿಗೂ ಕೇಳುವಂತೆ ಓದಿ, ತಂಟೆಕೋರ ವಿದ್ಯಾರ್ಥಿಯನ್ನು ಗದರುವಂತೆ ಗದರುತ್ತಿದ್ದರು: “ಏ, ತಡಿ ಅಲ್ಲೇ! ಎಂತಾ ಬೇಕು ನಿಂಗೆ? ಸರೀ ಬಾಯಿ ಬಿಟ್ಟು ಹೇಳು!” ನಿವೃತ್ತಿಯ ನಂತರವೂ ಈ ಗದರಿಕೆ ಕಾಳಿ ನದಿಯ ದಂಡೆಯವರೆಗೆ ಕೇಳುತ್ತಿತ್ತು. ಮನೆಯಲ್ಲೊಬ್ಬ ತುಂಟ ಮೊಮ್ಮಗನಿದ್ದಾನೆಂದೇ ಹೊಸ ನೆರೆಯವರು ನಂಬಿದ್ದರು.

ಕಡಲಿನ ಹವಾಮಾನದ ಎಚ್ಚರಿಕೆಯನ್ನು ಮೀನುಗಾರರ ಆಡುಮಾತಿನಲ್ಲಿ ಮೊಬೈಲಿಗೆ ಕಳಿಸುವ ಮುಕ್ತ ತಂತ್ರಾಂಶವೊಂದಕ್ಕೆ ಅವರು ಕೈಜೋಡಿಸಿದ್ದರು. ‘ಯಾರು ಬೇಕಾದರೂ ಕೊಡುಗೆ ನೀಡಬಹುದು’ ಎಂದು ಅದರ ಸಂಯೋಜಕರು ಸಾರಿದ್ದರು. ಆ ಉದಾರ ಬಾಗಿಲಿನೊಳಗೆ ಕಾಲಿಡಬೇಕಾದರೆ ಒಂದರ ಮೇಲೊಂದು ಸಲಕರಣೆ ಅಳವಡಿಸಬೇಕು. ಯಾವುದೋ ಒಂದರ ಆವೃತ್ತಿ ತಪ್ಪಿದರೆ ಉಳಿದವೆಲ್ಲ ಮುಷ್ಕರ ಹೂಡುತ್ತವೆ. ಸಹಾಯ ಕೇಳಿದವರಿಗೆ ‘ನನ್ನ ಯಂತ್ರದಲ್ಲಿ ಸರಿಯಾಗಿದೆ’ ಎಂಬ ಉತ್ತರ ಸಿಗುತ್ತಿತ್ತು. ಬಹಿಷ್ಕಾರಕ್ಕೆ ಇಷ್ಟು ಸಭ್ಯವಾದ ಭಾಷೆಯಿದೆಯೆಂದು ನಾನು ಅರಿತದ್ದು ಆಗ.

ಅಕ್ಕೋರು ಬೇಕಾದ ಸಲಕರಣೆಗಳನ್ನೆಲ್ಲ ‘ಕಂಟೇನರ್’ ಎಂಬ ಒಂದೇ ತಂತ್ರಾಂಶದ ಬುತ್ತಿಯಲ್ಲಿ ಕಟ್ಟಿದರು. ಯಾವ ಯಂತ್ರದಲ್ಲಿ ತೆರೆದರೂ ಒಳಗೆ ಒಂದೇ ವ್ಯವಸ್ಥೆ. “ಒಲೆ, ಪಾತ್ರೆ, ಮಸಾಲಿ ಎಲ್ಲಾ ಇದ್ರಲ್ಲೇ ಅದೆ ಬಾಯೇ. ನೀ ಮೀನು ಹಾಕುದೊಂದೇ ಬಾಕಿ” ಎಂದು ದೀಪಾಳಿಗೆ ಹೇಳಿದರು. ಆದರೆ ಅದನ್ನು ಇಳಿಸಿಕೊಳ್ಳುವ ತ್ರಾಣ ಬೊಬ್ರುವಾಡದ ನೆಟ್‌ವರ್ಕಿಗೆ ಇರಲಿಲ್ಲ. ಅಕ್ಕೋರು ಅದನ್ನು ಹಾರ್ಡ್‌ಡಿಸ್ಕಿಗೆ ತುಂಬಿ, ಸೆರಗಿನಲ್ಲಿ ಸುತ್ತಿಕೊಂಡು ಅಂಕೋಲೆಯ ಬಸ್ಸು ಹತ್ತಿದರು. ಬೊಬ್ರುವಾಡದ ಮಹಿಳಾ ಸಂಘದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಉಸಿರುಗಟ್ಟಿದಾಗಲೆಲ್ಲ ಹೆಂಗಸರು ಎಲ್ಲಿ ನಿಂತಿತೆಂದು ತೋರಿಸುವರು; ಅಕ್ಕೋರು ಮನೆಗೆ ಹೋಗಿ, ಬೇಡದ್ದನ್ನು ತೆಗೆದು, ಹಗುರ ಮಾಡಿ ಮತ್ತೆ ತರುವರು. ಅಂತೂ ಒಂದು ದಿನ ತೆರೆದುಕೊಂಡಿತು. ದೀಪಾಳ ಅತ್ತೆ ಎಚ್ಚರಿಕೆಯ ಸಾಲನ್ನು ಓದಿಸಿ ಕೇಳಿ, “ಇದೆಂತ ಅಕ್ಕೋರೇ, ಲಗ್ನಕ್ಕೆ ಕರ್ದಂಗೆ ಅದೆ! ದೋಣಿ ಇಳಿಸ್ಬೇಡಿ ಅಂತ ಸೀದಾ ಹೇಳಿ” ಎಂದು ತಿದ್ದಿಸಿದರು.

ಊರವರೆಲ್ಲ ಸೇರಿ ದೊಡ್ಡ ರಾಂಪಣಿ ಬಲೆ ಎಳೆಯುವ ದಂಡೆಯಲ್ಲಿ ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲುಂಟು; ಬಲೆಗೂ ದೋಣಿಗೂ ಉಂಟು. ಅಕ್ಕೋರು ಅದೇ ಕ್ರಮದಲ್ಲಿ ಕೊಡುಗೆದಾರರ ಪುಟ ತುಂಬಿದರು: ದೀಪಾ, ಆಕೆಯ ಅತ್ತೆ, ಸಂಘದ ಹೆಂಗಸರು, ಕೊನೆಗೆ ಕಾರವಾರ–ಅಂಕೋಲಾ ಬಸ್ಸು.

ನಾನೂ ಇದ್ದ ಆನ್‌ಲೈನ್ ಸಭೆಯಲ್ಲಿ ಸಂಯೋಜಕರೊಬ್ಬರು ಕೇಳಿದರು: “ಮೇಡಂ, ಬಸ್ ಹೇಗೆ ಕೊಡುಗೆದಾರ ಆಗುತ್ತೆ?”

“ದೋಣಿಗೆ ಪಾಲು ಅದೆ, ಬಸ್ಸಿಗೆ ಎಂತಕೆ ಬ್ಯಾಡ? ನಿಮ್ಮ ನೆಟ್‌ವರ್ಕ್ ಬರದಿದ್ದಲ್ಲಿ ಅದು ಬಂತಲ್ರಾ!”

ಎಲ್ಲರೂ ನಕ್ಕರು. ಮರುದಿನ ಶಿಸ್ತಿನ ಹೆಸರಿನಲ್ಲಿ ಬಸ್ಸನ್ನು ಪುಟದಿಂದ ಇಳಿಸಿದರು, ಜೊತೆಗೆ ಹೆಂಗಸರನ್ನೂ. ಕೋಡ್ ಬರೆಯದವರು ಕೊಡುಗೆದಾರರಲ್ಲವಂತೆ. ಪರೀಕ್ಷಿಸುವುದು, ಮಾತು ತಿದ್ದುವುದು ದುಡಿಮೆಯಲ್ಲವೆನ್ನುವ ಈ ಮೇಲುಕೀಳಿಗೆ ಅವರಿಟ್ಟ ಹೆಸರು ‘ಗುಣಮಟ್ಟ’. ಅಕ್ಕೋರ ಹೆಸರನ್ನು ಮಾತ್ರ ಕೃಪೆಯಿಂದ ಉಳಿಸಿದ್ದರು.

ಅಕ್ಕೋರು ಅದನ್ನೂ ತೆಗೆಸಿದರು. ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಆ ದಿನ, ಸಂಘದ ಕೋಣೆಯಲ್ಲಿ. “ನಿಮ್ದಾದ್ರೂ ಇರ್ಲಿ ಅಕ್ಕೋರೇ” ಎಂದು ದೀಪಾ ಬೇಡಿಕೊಳ್ಳುತ್ತಿದ್ದಳು.

“ಹಗ್ಗ ಎಳದವ್ರೆಲ್ಲ ಖಾಲಿ ಕೈಲಿ ನಿಂತಿರ್ಬೇಕಾದ್ರೆ ನಾ ಒಬ್ಳೇ ಮೀನು ತಕಂಡು ಮನೆಗೆ ಹೋಗುದಾ? ಗಂಟಲಲ್ಲಿ ಇಳಿತದಾ ಅದು?” ಎಂದವರೇ ಲ್ಯಾಪ್‌ಟಾಪ್ ಮುಚ್ಚಿ ಎದ್ದರು.

ಈ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಸಂಯೋಜಕರು ಈಗ ಆ ಕಂಟೇನರಿಗೆ ‘ಸುಹಾಸಿನಿ’ ಎಂದು ಹೆಸರಿಟ್ಟು ಗೌರವಿಸಲಿದ್ದಾರಂತೆ. ಬದುಕಿದ್ದಾಗ ಅವರೇ ತೆಗೆಸಿದ ಹೆಸರನ್ನು, ಬೇಡವೆನ್ನಲು ಅವರಿಲ್ಲದಾಗ ಅಂಟಿಸುವುದು ಅವರಿಗೆ ಎಸಗುವ ಇನ್ನೊಂದು ಅನ್ಯಾಯ.

ಮಾನ್ಯ ಸಂಯೋಜಕರೇ, ಶ್ರದ್ಧಾಂಜಲಿ ನಿಮ್ಮಲ್ಲೇ ಇರಲಿ. ಮುಂದಿನ ಆವೃತ್ತಿ ಹೊರಬೀಳುವ ಮೊದಲು ಬೊಬ್ರುವಾಡದ ಪ್ರತಿಯೊಬ್ಬ ಹೆಂಗಸಿನ ಹೆಸರನ್ನೂ, ಅವರು ಮಾಡಿದ ಕೆಲಸದ ವಿವರದೊಡನೆ, ಅದೇ ಪುಟಕ್ಕೆ ಮರಳಿಸಿ. ಕೆಲಸ ಕೊಡುವವರಿಗೆ ತೋರಿಸಲು ದೀಪಾಳಿಗೆ ಸಲ್ಲಬೇಕಾದ ಕೊಡುಗೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿ ಅಂಕೋಲೆಗೆ ಕಳಿಸಿ.