ಇಪ್ಪತ್ತನೆಯ ಸೆಕೆಂಡಿಗೆ ನಿಂತುಬಿಡುವ ನನ್ನ ತಮ್ಮ

ನನ್ನ ತಮ್ಮನಿಗೆ ಅರವತ್ತೊಂದು ವರ್ಷ. ಮೂವತ್ತೈದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವನು. ಅಷ್ಟು ವರ್ಷದಲ್ಲಿ ಒಂದು ನಾಯಿಯೂ ಅವನನ್ನು ಅಟ್ಟಲಿಲ್ಲ. ನಾಯಿಗಳು ಅಟ್ಟುವುದು ಓಡುವವರನ್ನು. ಇವನು ಓಡಿದವನೇ ಅಲ್ಲ. ಇಂಥವನು ನಿವೃತ್ತನಾದ ಮೇಲೆ ತಾರಸಿಯ ಮೇಲೆ ದೆವ್ವ ಬಡಿದವನಂತೆ ಕುಣಿದದ್ದು ಯಾಕೆ ಎಂದು ಬೀದಿಯವರೆಲ್ಲ ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ನಾಲಿಗೆ ಒಣಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಲ್ಲಕ್ಕೂ ಕಾರಣ ಟೇಬಲ್ ಟೆನ್ನಿಸ್. ನಮ್ಮ ಬೀದಿಯ ಕೊನೆಗೆ, ವಾಚನಾಲಯದ ಹಿಂದೆ, ಎರಡು ಮೇಜಿನ ಒಂದು ಹಾಲ್ ಇದೆ. ಐವತ್ತು ದಾಟಿದವರಿಗೆ ಅಲ್ಲಿ ವರ್ಷಕ್ಕೊಂದು ಪಂದ್ಯ. ಹನ್ನೊಂದು ವರ್ಷದಿಂದ ಫೈನಲ್ಲಿಗೆ ಬರುವವರು ಇಬ್ಬರೇ: ನನ್ನ ತಮ್ಮ ಮತ್ತು ಗಡಿಯಾರ ರಿಪೇರಿಯವರು. ಗಡಿಯಾರದವರಿಗೆ ಹಾಲಿನಲ್ಲಿ ‘ಗೋಡೆ’ ಎಂದು ಹೆಸರು, ಏನು ಹೊಡೆದರೂ ವಾಪಸು ಬರುತ್ತದೆ ಎಂದು. ಹನ್ನೊಂದು ಸಲವೂ ಗೆದ್ದದ್ದು ಗೋಡೆ. ನಾಲ್ಕು ಗೇಮಿನವರೆಗೆ ಇಬ್ಬರೂ ಸಮಸಮ. ಐದನೆಯದಕ್ಕೆ ನನ್ನ ತಮ್ಮನ ಉಸಿರು ಖಾಲಿ. ಮನೆಗೆ ಬಂದು ಒಂದು ವರ್ಷ ಬ್ಯಾಟಿನ ರಬ್ಬರಿನ ತಪ್ಪು, ಇನ್ನೊಂದು ವರ್ಷ ದೀಪದ ತಪ್ಪು, ಮತ್ತೊಂದು ವರ್ಷ ಮುಂದಿನ ಸಾಲಿನಲ್ಲಿ ಸೀನಿದವನ ತಪ್ಪು. ಹನ್ನೊಂದು ಸೋಲಿಗೆ ಹನ್ನೊಂದು ಕಾರಣ, ಒಂದನ್ನೂ ಎರಡನೇ ಸಲ ಹೇಳಿಲ್ಲ. ಅಷ್ಟು ಪ್ರಾಮಾಣಿಕ.

ಈ ವರ್ಷ ಗೋಡೆಯವರು ಎಲ್ಲರ ಎದುರು ಹೇಳಿಬಿಟ್ಟರು: ಹನ್ನೆರಡನೆಯದನ್ನು ಗೆದ್ದು ಬ್ಯಾಟು ಕೆಳಗಿಡುತ್ತೇನೆ, ಸಾಕು. ಆ ದಿನ ನನ್ನ ತಮ್ಮ ಊಟ ಬಿಟ್ಟ. ಒಮ್ಮೆಯೂ ಸೋಲದೆ ಆ ಮನುಷ್ಯ ಆಟ ಬಿಟ್ಟರೆ, ಇವನು ಸಾಯುವವರೆಗೂ ಸೋತವನೇ. ಇದೊಂದೇ ಅವಕಾಶ ಉಳಿದಿತ್ತು.

ಮರುದಿನ ಬಟ್ಟೆ ಅಂಗಡಿಯ ಮೇಲಿನ ಜಿಮ್ಮಿಗೆ ಹೋಗಿ ಒಂದು ಹಾಳೆ ತಂದ. ಅಲ್ಲಿನ ತರಬೇತುದಾರ ದೊಡ್ಡ ದೊಡ್ಡ ಆಟಗಾರರನ್ನು ತಯಾರು ಮಾಡಿದವನಂತೆ. ಅವರು ಯಾರು ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಹಾಳೆಯಲ್ಲಿದ್ದದ್ದು ಇಷ್ಟು: ಇಪ್ಪತ್ತು ಸೆಕೆಂಡು ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಕುಣಿಯುವುದು, ಹತ್ತು ಸೆಕೆಂಡು ನಿಲ್ಲುವುದು. ಹೀಗೆ ಎಂಟು ಸಲ. ಎದೆ ಗಟ್ಟಿಯಾಗುತ್ತದೆ, ಐದನೆಯ ಗೇಮಿಗೂ ಉಸಿರು ಉಳಿಯುತ್ತದೆ. ಡಾಕ್ಟರು ಹೃದಯ ಪರೀಕ್ಷೆ ಮಾಡಿ ಆಗಬಹುದು ಎಂದರು. ಬುದ್ಧಿಯ ಪರೀಕ್ಷೆಗೆ ಅವರಲ್ಲಿ ಯಂತ್ರವಿರಲಿಲ್ಲ.

ಸಮಯ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಆಸ್ಪತ್ರೆಯಲ್ಲಿ ಕತ್ತರಿ, ಚಿಮಟ ಕುದಿಸುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಗೋಡೆ ಗಡಿಯಾರ ನೋಡಿದವಳು ನಾನು. ತನ್ನ ಹೆಂಡತಿಯನ್ನು ಮೊದಲು ಕೇಳಿದ್ದನಂತೆ. ಅವಳು, “ಅತ್ತಿಗೇನೇ ಸರಿ ರೀ. ನಾನಾದ್ರೆ ನಿಲ್ಸೋ ಸೀಟಿ ಊದೋದನ್ನ ಮರೆತ್ರೂ ಮರೆತೆ” ಎಂದಳಂತೆ.

ಸೀಟಿ ನನ್ನ ಯಜಮಾನರದು. ಅವರು ಬಸ್ ಕಂಡಕ್ಟರ್ ಆಗಿದ್ದರು. ಅವರು ಹೋದ ಮೇಲೆ ಒಂಬತ್ತು ವರ್ಷ ಪೆಟ್ಟಿಗೆಯಲ್ಲಿತ್ತು. ತೊಳೆದು ತೆಗೆದೆ. ಬಸ್ಸಿನ ಲೆಕ್ಕವನ್ನೇ ಇಟ್ಟುಕೊಂಡೆವು: ಎರಡು ಊದಿದರೆ ಹೊರಡು, ಒಂದು ಊದಿದರೆ ನಿಲ್ಲು. ತಾರಸಿಯಲ್ಲಿ ಎರಡು ಬಕೆಟ್ ಇಟ್ಟು, ಕೈಯಲ್ಲಿ ಬ್ಯಾಟು ಹಿಡಿದು, ಒಂದರಿಂದ ಇನ್ನೊಂದಕ್ಕೆ ಏಡಿಯಂತೆ ಅಡ್ಡಡ್ಡ ಜಿಗಿಯುತ್ತ ಇಲ್ಲದ ಚೆಂಡನ್ನು ಹೊಡೆಯುತ್ತಿದ್ದ. ಇಪ್ಪತ್ತಕ್ಕೆ ನಾನು ಊದಿದರೆ ಬ್ಯಾಟು ತೊಡೆಯ ಪಕ್ಕಕ್ಕೆ ಇಳಿಯುತ್ತಿತ್ತು. ಮೊದಲ ವಾರ ಎದುರು ಮನೆಯವರು ಆಂಬುಲೆನ್ಸ್ ನಂಬರ್ ಬರೆದಿಟ್ಟುಕೊಂಡಿದ್ದರು. ಎಂಟನೆಯ ವಾರದ ಹೊತ್ತಿಗೆ, ಸುಳ್ಳು ಹೇಳಬಾರದು, ಎಂಟು ಸುತ್ತು ಮುಗಿಸಿ ಮಾತಾಡುತ್ತ ಮೆಟ್ಟಿಲು ಇಳಿಯುತ್ತಿದ್ದ. ಮಾತೆಲ್ಲ ತನ್ನ ಎದೆಯ ಬಗ್ಗೆಯೇ.

ಫೈನಲ್ಲಿಗೆ ನಾನೂ ಅವನ ಹೆಂಡತಿಯೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ಮೊದಲ ಗೇಮು ನನ್ನ ತಮ್ಮನದೇ, ಹನ್ನೊಂದು–ಆರು. ಎರಡನೆಯದರಲ್ಲಿ ಗೋಡೆಯವರು ಚೆಂಡನ್ನು ಸುಮ್ಮನೆ ತಳ್ಳಿ ತಳ್ಳಿ ಆಟ ಎಳೆಯತೊಡಗಿದರು. ಆಗ ನಾನು ಕಂಡದ್ದು ಇದು: ಇಬ್ಬರೂ ಚೆನ್ನಾಗಿ ಆಡುತ್ತಿದ್ದಾರೆ, ಚೆಂಡು ಹೋಗಿ ಬರುತ್ತಿದೆ, ಇದ್ದಕ್ಕಿದ್ದಂತೆ ನನ್ನ ತಮ್ಮ ಬ್ಯಾಟನ್ನು ತೊಡೆಯ ಪಕ್ಕಕ್ಕೆ ಇಳಿಸಿ ನಿಂತ. ಚೆಂಡು ಅವನ ಪಕ್ಕದಲ್ಲೇ ಹಾದು ಹೋಯಿತು. ಮತ್ತೊಮ್ಮೆ ಹಾಗೇ ಆದಾಗ ಗಡಿಯಾರ ನೋಡಿಕೊಂಡೆ. ಇಪ್ಪತ್ತು ಸೆಕೆಂಡು. ಮೂರನೆಯ ಸಲವೂ ಇಪ್ಪತ್ತು. ಬಸ್ಸಾದರೂ ಸೀಟಿ ಊದಿದ ಮೇಲೆ ನಿಲ್ಲುತ್ತಿತ್ತು. ಇವನು ಸೀಟಿಯಿಲ್ಲದೆಯೇ ನಿಲ್ಲುತ್ತಿದ್ದ.

ಇದು ನನ್ನೊಬ್ಬಳಿಗೇ ಕಂಡದ್ದಲ್ಲ. ದಿನವಿಡೀ ಟಿಕ್ ಟಿಕ್ ಕೇಳುವ ಕಿವಿ ಗೋಡೆಯವರದು. ಅವರೂ ಲೆಕ್ಕ ಹಾಕಿದ್ದರು. ಆಮೇಲೆ ಅವರು ಗೆಲ್ಲಲು ಹೊಡೆಯಲೇ ಇಲ್ಲ. ಇಪ್ಪತ್ತಾಗುವವರೆಗೆ ತಳ್ಳುವುದು, ಕೊನೆಯ ಚೆಂಡನ್ನು ಮೆಲ್ಲಗೆ ಈಚೆ ದಾಟಿಸಿ, ಬೆನ್ನು ತಿರುಗಿಸಿ, ಕುರ್ಚಿಯ ಮೇಲಿನ ಟವೆಲ್ಲಿನ ಕಡೆ ಹೊರಡುವುದು. ಎರಡನೆಯ ಗೇಮೂ ಮೂರನೆಯದೂ ಹೀಗೇ ಅವರ ಪಾಲಾದವು.

ಗೇಮಿನ ನಡುವೆ ಒಂದು ನಿಮಿಷ ಬಿಡುವು. ನನ್ನ ತಮ್ಮ ನೀರು ಕುಡಿಯಲು ಬಂದ. ಅಲ್ಲೇ ಹೇಳಿದೆ.

“ಇಪ್ಪತ್ತು ಸೆಕೆಂಡ್ ಆದ ತಕ್ಷಣ ನಿಂತ್ಕೊಳ್ತಿದ್ದೀಯಲ್ಲೋ.”

“ನಾನಾ? ಯಾರಕ್ಕ ನಿಂತಿದ್ದು?”

“ಹನ್ನೊಂದು ಸಲ ನಿಂತಿದ್ದೀಯ. ಎಣಿಸಿದೀನಿ.”

“ಅಕ್ಕ, ನಿಂಗೆ ಆಟ ಗೊತ್ತಿಲ್ಲ, ಸುಮ್ನಿರು.”

“ಆಟ ಗೊತ್ತಿಲ್ಲಪ್ಪ. ಇಪ್ಪತ್ತು ಗೊತ್ತು.”

ಅವನ ಹೆಂಡತಿ ಬಾಯಿಗೆ ಸೆರಗು ಹಿಡಿದು ಆಚೆ ತಿರುಗಿದಳು. ಇವನು ಮುಖ ಊದಿಸಿಕೊಂಡು ಹೋದ. ನಾಲ್ಕನೆಯ ಗೇಮಿನ ಮೊದಲ ಪಾಯಿಂಟಿನಲ್ಲೇ ಬ್ಯಾಟು ಮತ್ತೆ ಇಳಿಯಿತು. ಈ ಸಲ ತನ್ನ ಕೈಯನ್ನೇ, ಯಾರದೋ ಸಾಮಾನು ನೋಡುವಂತೆ, ನೋಡಿಕೊಂಡ. ಆಮೇಲೆ ನನ್ನ ಕಡೆ ನೋಡಿದ. ನಾನು ಸೂರು ನೋಡಿದೆ. ಅಲ್ಲಿಂದ ಇಪ್ಪತ್ತಾಗುವ ಮೊದಲೇ ಎಲ್ಲವನ್ನೂ ಬೀಸಿ ಹೊಡೆಯತೊಡಗಿದ. ಅರ್ಧ ಬಲೆಗೆ ಬಿದ್ದವು, ಅರ್ಧ ಗೋಡೆಯವರನ್ನು ದಾಟಿ ಹೋದವು. ಹನ್ನೊಂದು–ಒಂಬತ್ತಕ್ಕೆ ಗೇಮು ಇವನ ಪಾಲಿಗೆ ಬಂತು.

ಐದನೆಯದು. ಹನ್ನೊಂದು ವರ್ಷವೂ ಇವನ ಉಸಿರು ಖಾಲಿಯಾಗುತ್ತಿದ್ದ ಜಾಗ. ಈ ವರ್ಷ ಬಾಯಿ ಮುಚ್ಚಿಕೊಂಡೇ ಉಸಿರಾಡುತ್ತಿದ್ದ. ಬಾಯಿ ಬಿಟ್ಟಿದ್ದವರು ಗೋಡೆ. ಹತ್ತು–ಒಂಬತ್ತು, ಇವನು ಮುಂದೆ. ಇನ್ನೊಂದೇ ಪಾಯಿಂಟು. ಗೋಡೆಯವರು ತಳ್ಳಿದರು, ಇವನು ತಳ್ಳಿದ. ಸೋಲುವ ಭಯಕ್ಕೋ ಏನೋ, ಈ ಸಲ ಹೊಡೆಯಲೇ ಇಲ್ಲ. ನಾನು ಎಣಿಸುತ್ತಿದ್ದೆ: ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಕ್ಕೆ ಬ್ಯಾಟು ಇಳಿಯಿತು. ಗೋಡೆಯವರು ಚೆಂಡನ್ನು ಮೆಲ್ಲಗೆ ದಾಟಿಸಿ ಟವೆಲ್ಲಿನ ಕಡೆ ತಿರುಗಿದರು. ತೊಡೆಯ ಪಕ್ಕದಿಂದ ಬ್ಯಾಟು ಮೇಲೆದ್ದು ಚೆಂಡನ್ನು ಆಚೆ ಕಳಿಸಿತು. ಗೋಡೆಯವರ ಬೆನ್ನ ಹಿಂದೆ ಅದು ಮೇಜಿನ ಮೇಲೊಮ್ಮೆ ಪುಟಿದು ನೆಲಕ್ಕೆ ಬಿತ್ತು. ಅವರ ಕೈಯಲ್ಲಿ ಟವೆಲ್ ಇತ್ತು.

ಬೇಕೆಂದೇ ಬ್ಯಾಟು ಇಳಿಸಿ ಮೋಸಗೊಳಿಸಿದೆ ಎಂದು ನನ್ನ ತಮ್ಮ ಹೇಳಿಕೊಂಡು ತಿರುಗುತ್ತಾನೆ. ನಾನು ನೋಡಿದ್ದಷ್ಟೇ ಬರೆಯುತ್ತೇನೆ: ಕೈ ಇಳಿಯಿತು, ಆಮೇಲೆ ಏರಿತು. ನಡುವೆ ತಲೆಯಲ್ಲಿ ಏನು ನಡೆಯಿತೋ ಅವನಿಗೇ ಗೊತ್ತು. ಗೊತ್ತಿದ್ದರೆ.

ಗೆದ್ದವನು ಮರುದಿನ ತಾರಸಿಗೆ ಬರಲಿಲ್ಲ. ಗುರಿ ಮುಟ್ಟಿದ ಮೇಲೆ ಶರೀರಕ್ಕೆ ವಿಶ್ರಾಂತಿ ಕೊಡಬೇಕೆಂದು ವಿಜ್ಞಾನವೇ ಹೇಳುತ್ತದಂತೆ. ಹತ್ತು ಸೆಕೆಂಡಿನ ವಿಶ್ರಾಂತಿ ನಾಲ್ಕು ದಿನಕ್ಕೆ ಬೆಳೆಯಿತು.

ಐದನೆಯ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಹೊಸ ಬಿಳಿ ಬೂಟು ಹಾಕಿಕೊಂಡು ಗೋಡೆಯವರು ಮೆಟ್ಟಿಲು ಹತ್ತಿ ಬಂದರು. ಬ್ಯಾಟು ಕೈಯಲ್ಲೇ ಇತ್ತು.

“ಬ್ಯಾಟು ಕೆಳಗಿಡ್ತೀನಿ ಅಂದಿದ್ರಲ್ಲ?” ಎಂದೆ.

“ಗೆದ್ದು ಇಡ್ತೀನಿ ಅಂದಿದ್ದೆ ಅಕ್ಕಾವ್ರೇ. ಗೆಲ್ಲಲಿಲ್ವಲ್ಲ.” ಒಂದು ಬಕೆಟ್ಟಿನ ಪಕ್ಕ ಹೋಗಿ ನಿಂತರು. “ಆ ಸೀಟಿ, ನಂಗೂ ಊದ್ತೀರಾ?”

ನಾನು ಸೀಟಿ ತೆಗೆದು ಒರೆಸುವಷ್ಟರಲ್ಲಿ ನನ್ನ ತಮ್ಮ ಲುಂಗಿಯಲ್ಲೇ ಮೇಲೆ ಓಡಿ ಬಂದ. ಗೋಡೆಯವರ ದನಿ ಅವನ ದಿಂಬಿನವರೆಗೂ ಕೇಳಿಸಿತ್ತು. ಯಾರೂ ಕರೆಯದೆ ಎರಡನೆಯ ಬಕೆಟ್ಟಿನ ಪಕ್ಕ ಹೋಗಿ ನಿಂತ. ಇಬ್ಬರ ವಯಸ್ಸು ಸೇರಿಸಿದರೆ ನೂರ ಇಪ್ಪತ್ತನಾಲ್ಕು. ಒಬ್ಬರನ್ನೊಬ್ಬರು ನೋಡಲಿಲ್ಲ.

“ಸ್ವಲ್ಪ ಒಳಗೆ ಸರೀರಿ, ಇಬ್ರಿಗೂ ಜಾಗ ಇದೆ” ಎಂದು ಹೇಳಿ, ಎರಡು ಸೀಟಿ ಊದಿದೆ.