ಹೊಳೆದಂಡೆಯ ಗರಿಕೆ

ಹುಲ್ಲು ಬೆಳೆಸುವುದೂ ಒಂದು ಉದ್ಯೋಗವೇ ಎಂದು ನನ್ನನ್ನು ಕೇಳದವರು ಆ ಕಾಲದಲ್ಲಿ ಹರಿಹರದಲ್ಲೂ ಇರಲಿಲ್ಲ, ದಾವಣಗೆರೆಯಲ್ಲೂ ಇರಲಿಲ್ಲ. ರೈತರು ಹುಲ್ಲು ಕೀಳಿಸಲಿಕ್ಕೆ ಕೂಲಿ ಕೊಡುತ್ತಾರೆ, ನಿಮಗೆ ಹುಲ್ಲು ಹಚ್ಚಲಿಕ್ಕೆ ಸಂಬಳ ಕೊಡುತ್ತಾರೆ, ಪುಣ್ಯವಂತರು ಬಿಡಿ ಎಂದು ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಜೊತೆಗೆ ಬರುವವರು ಛೇಡಿಸುತ್ತಿದ್ದರು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲಾಮೇಲೆ ಅವರ ಡಬ್ಬಿ ಬಿಟ್ಟು ಬೇರೆ ಡಬ್ಬಿಗೆ ಹತ್ತತೊಡಗಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಹಗಲೂ ರಾತ್ರಿ ಓಡುತ್ತಿದ್ದವು. ಕೆಲಸಕ್ಕೆ ಬಂದ ಜನ ಇಲ್ಲೇ ನಿಲ್ಲುತ್ತಿದ್ದರು, ಊರು ಆವರಗೆರೆಯ ಕಡೆಗೆ ಕೈಕಾಲು ಚಾಚುತ್ತಿತ್ತು. ಆ ಕಡೆಯಲ್ಲೇ ಕೆಲವು ವರ್ತಕರು ಒಂದು ಸಂಘ ಕಟ್ಟಿಕೊಂಡು, ಹೊಲಗಳನ್ನು ಕೊಂಡು, ಬಡಾವಣೆ ಹಾಕಿದ್ದರು. ಅದರ ರಸ್ತೆಬದಿಯ ಗಿಡ ಮತ್ತು ನಡುವಿನ ಪಾರ್ಕು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ ಬೇಕಾಗಿದ್ದ. ಹರಿಹರದಲ್ಲಿ ಮನೆ ಮಾಡಿಕೊಂಡು ಸಣ್ಣದೊಂದು ಸಸಿಮಡಿ ನಡೆಸುತ್ತಿದ್ದ ನನ್ನನ್ನು ಯಾರೋ ತೋರಿಸಿದರು. ಹೀಗೆ ನಾನು ಪಾರ್ಕಿನ ಸಾಹೇಬನಾದೆ.

ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆ ಒಳ್ಳೆಯ ಹಸಿರು ಬಣ್ಣ ಬಳಿದಿದ್ದರು. ಆ ಬಣ್ಣ ನೋಡಿಯೇ ಎಷ್ಟೋ ಜನ ಅದರ ಸುತ್ತ ಸೈಟು ಹಿಡಿದಿದ್ದರು. ನೆಲದ ಮೇಲೆ ನೋಡಿದರೆ ಬರೀ ಎರೆಮಣ್ಣು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವಂಥ ಕೆಸರು. ಬೀದಿಯ ಕೊನೆಯ ನಲ್ಲಿಯಲ್ಲಿ ನೀರು ಬಂದರೆ ಕೊಡಪಾನಗಳ ಸಾಲಿನಲ್ಲಿ ನನ್ನ ಝಾರಿಗೆ ಎಲ್ಲರಿಗಿಂತ ಹಿಂದಿನ ಜಾಗ. ಮನುಷ್ಯರಿಗೇ ಕುಡಿಯಲಿಕ್ಕಿಲ್ಲ, ಇವನು ಹುಲ್ಲಿಗೆ ಕುಡಿಸುತ್ತಾನೆ ಎಂದು ಹೆಂಗಸರು ನನ್ನ ಮುಖಕ್ಕೇ ಹೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಮಕ್ಕಳಿಗೆಂದು ಉಯ್ಯಾಲೆ ಹಾಕಿಸಿದೆ. ಕೆಲವೇ ದಿನದಲ್ಲಿ ಅದರ ಹಲಗೆ ಯಾರದೋ ಬಚ್ಚಲುಮನೆಯ ಮಣೆಯಾಯಿತು. ಸರಪಳಿ ಪಕ್ಕದ ಬೀದಿಯ ಎಮ್ಮೆಯ ಕೊರಳಿಗೆ ಬಂತು. ಆ ಎಮ್ಮೆ ದಿನವೂ ನನ್ನೆದುರೇ ಗಂಭೀರವಾಗಿ ಹಾದುಹೋಗುತ್ತಿತ್ತು. ಬೇಲಿಯ ತಂತಿ ಬಟ್ಟೆ ಒಣಹಾಕಲು ಹೋಯಿತು. ಕೇಳಿದರೆ ಪಾರ್ಕು ನಮ್ಮದೇ ಅಲ್ಲವೇ ಎಂಬ ಉತ್ತರ. ನಮ್ಮದು ಅಂದರೆ ಕಿತ್ತುಕೊಂಡು ಮನೆಗೆ ಒಯ್ಯುವುದು ಎಂದು ಇವರಿಗೆ ಯಾರು ಹೇಳಿಕೊಟ್ಟರೋ ನಾನರಿಯೆ.

ಇನ್ನು ಕಾಲುದಾರಿಯ ಕಥೆ. ಪಾರ್ಕಿನ ಸುತ್ತ ಕಲ್ಲು ಜೋಡಿಸಿ, ಮೊರಂ ಮಣ್ಣು ಹಾಕಿಸಿ, ಸಂಜೆ ತಿರುಗಾಡುವವರಿಗೆ ಚಂದದ ದಾರಿ ಮಾಡಿದ್ದೆ. ಅದರಲ್ಲಿ ಒಬ್ಬರೂ ತಿರುಗಾಡಲಿಲ್ಲ. ಆವರಗೆರೆಯಿಂದ ಗಿರಣಿಗೆ ಹೋಗುವವರು ಮೂಲೆಯಿಂದ ಮೂಲೆಗೆ ಅಡ್ಡ ಹಾಯುತ್ತಿದ್ದರು. ಸೈರನ್ ಕೂಗುವ ಹೊತ್ತಿಗೆ ಗೇಟಿನಲ್ಲಿ ಕಾಣದಿದ್ದರೆ ಆ ದಿನದ ಬದಲಿ ಕೆಲಸ ಮತ್ತೊಬ್ಬನ ಪಾಲು, ನನ್ನ ಚಂದದ ದಾರಿ ಸುತ್ತುವವರು ಯಾರು? ಸೋತು, ಅವರು ತುಳಿದ ದಾರಿಗೇ ಹಾಸುಗಲ್ಲು ಹಾಕಿಸಿದೆ. ಬಿಸಿಲಿಗೆ ಕಲ್ಲು ಕಾದು ಬರಿಗಾಲು ಸುಡುತ್ತದೆಂದು ಅವರು ಕಲ್ಲಿನ ಪಕ್ಕ ಮತ್ತೊಂದು ದಾರಿ ತುಳಿದರು. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಕಿನ್ನರಿ ಬಾರಿಸುವವನ ಗತಿ ಏನೆಂದು ಗಾದೆ ಮಾಡಿದವರು ಯೋಚಿಸಿರಲಿಕ್ಕಿಲ್ಲ.

ಸಂಘದ ಅಧ್ಯಕ್ಷರು ಹತ್ತಿ ದಲಾಲರು. ಮಾತು ಮೆತ್ತಗೆ, ದೇವರು ದಿಂಡರೆಂದರೆ ಭಕ್ತಿ. ಒಂದು ದಿನ ಬಂದು ಬಿರುಕು ಬಿಟ್ಟ ನೆಲ ನೋಡಿ, ಹಸಿರೇ ಇಲ್ಲದ ಜಾಗಕ್ಕೆ ಪಾರ್ಕು ಅಂತ ಯಾಕೆ ಅನ್ನಬೇಕು ಎಂದರು. ಸೈಟು ಕೇಳುವವರು ಇನ್ನೂ ಬಹಳ ಜನ ಇದ್ದಾರಂತೆ. ಯುಗಾದಿಯೊಳಗೆ ಹುಲ್ಲು ಕಾಣದಿದ್ದರೆ ಜಾಗವನ್ನು ತುಂಡು ಮಾಡಿ ಹಂಚುವುದೆಂದು ಸಮಿತಿಯಲ್ಲಿ ಮಾತಾಗಿದೆಯಂತೆ. ಬಡಾವಣೆಯಲ್ಲಿ ಮನೆಗಳ ನಡುವೆ ಉಸಿರಾಡಲು ಇದ್ದದ್ದು ಅದೊಂದೇ ಬಯಲು. ಅದು ಹೋದರೆ ನಾನು ಇಷ್ಟು ದಿನ ಪಟ್ಟ ಪಾಡೂ ಹೋಯಿತು.

ಹರಿಹರದ ಹೊಳೆದಂಡೆಯಲ್ಲಿ ಬೇಡವೆಂದರೂ ಗರಿಕೆ ಹಬ್ಬುತ್ತದೆ. ಬೆಳಗಾಗೆದ್ದು ತುಂಗಭದ್ರೆಯ ದಂಡೆಗೆ ಹೋಗಿ ಬೇರು ಸಮೇತ ಗರಿಕೆ ಅಗೆದು, ಒದ್ದೆ ಗೋಣಿಚೀಲದಲ್ಲಿ ತುಂಬಿ, ರೈಲಿನಲ್ಲಿ ತರತೊಡಗಿದೆ. ಚೀಲದಿಂದ ಸೋರಿದ ಕೆಸರು ಪಕ್ಕದವರ ಪಂಚೆಗೆ ತಾಗಿ ಎಷ್ಟು ಜಗಳವಾಯಿತೋ. "ಊರಿಗೆಲ್ಲಾ ಗಣಪತಿ ಕೂಡ್ಸೋಕೆ ಹೊಂಟೀರೇನ್ರಿ?" ಎಂದು ಮನೆಯಾಕೆ ನಗುತ್ತಿದ್ದಳು. ನಗಲಿ. ಬೇರು ಮಣ್ಣು ಹಿಡಿದರೆ ಸಾಕಾಗಿತ್ತು.

ಆದರೆ ಬೇರು ಮಣ್ಣು ಹಿಡಿಯಲಿಕ್ಕೆ ಮಂಡಕ್ಕಿ ಭಟ್ಟಿಯ ಅಮ್ಮ ಬಿಡಬೇಕಲ್ಲ.

ಪಾರ್ಕಿನ ಹಿಂಬದಿಗೆ ಒಂದು ಮಂಡಕ್ಕಿ ಭಟ್ಟಿ ಇತ್ತು. ಬಡಾವಣೆ ಹುಟ್ಟುವ ಮೊದಲಿನಿಂದ ಇದ್ದ ಮುಸಲ್ಮಾನರ ಮನೆತನ. ಮಂಡಕ್ಕಿ ಮಾಡುವ ಮೊದಲು ಭತ್ತ ನೆನೆಸಿ, ಬೇಯಿಸಿ, ಬಿಸಿಲಿಗೆ ಹರವಬೇಕು. ಅವರು ಹರವುತ್ತಿದ್ದದ್ದು ಈ ಬಯಲಿನಲ್ಲಿ. ಹೊಲದ ಹಳೆಯ ಮಾಲೀಕ ಸುಗ್ಗಿ ಮುಗಿದ ಮೇಲೆ ಬಿಡುತ್ತಿದ್ದನಂತೆ. ಭಟ್ಟಿ ನಡೆಸುತ್ತಿದ್ದದ್ದು ಮನೆಯ ಹಿರಿಯಾಕೆ. ಸೆರಗನ್ನು ಸೊಂಟಕ್ಕೆ ಬಿಗಿದು, ಬರಿಗಾಲನ್ನು ಎಳೆಯುತ್ತಾ ಭತ್ತದಲ್ಲಿ ಸಾಲು ತೆಗೆದು ಮಗುಚುತ್ತಿದ್ದರು. ಸಂಜೆ ಗುಡಿಸಿ ರಾಶಿ ಮಾಡುವಾಗ ಅವರ ಕಡ್ಡಿಪೊರಕೆ ಭತ್ತದ ಜೊತೆ ನನ್ನ ಗರಿಕೆಯನ್ನೂ ಕೆರೆದುಕೊಂಡು ಬರುತ್ತಿತ್ತು.

ನಾನು ಬೈದೆ, ಬೇಡಿದೆ, ಮುಳ್ಳು ತಂದು ಹಾಕಿದೆ. ಆ ಮುಳ್ಳು ಸಂಜೆಗೆ ಭಟ್ಟಿಯ ಒಲೆಗೆ ಹೋಯಿತು. ಆಕೆ ಸಿಟ್ಟಾಗುತ್ತಲೂ ಇರಲಿಲ್ಲ, ಅದೇ ಕಷ್ಟ. ಒಂದು ಹಿಡಿ ಬಿಸಿ ಮಂಡಕ್ಕಿ ಕೈಗಿಟ್ಟು, "ತಿನ್ರಿ ಸಾಹೇಬ್ರ, ಹುಲ್ಲು ನಾಳೆ ಬರ್ತೈತೆ. ನಮ್ ಹೊಟ್ಟೆಗೆ ಇವತ್ತೇ ಬೇಕು" ಅನ್ನುತ್ತಿದ್ದರು. ಮಂಡಕ್ಕಿ ತಿಂದ ಬಾಯಲ್ಲಿ ಮತ್ತೆ ಬೈಯುವುದು ಹೇಗೆ? ಆದರೂ ಮರುದಿನ ಬೈಯುತ್ತಿದ್ದೆ.

ಯುಗಾದಿ ಬಂತು. ನಕ್ಷೆಯ ಹಸಿರು ನೆಲಕ್ಕಿಳಿಯಲಿಲ್ಲ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ನಾನು ರೈಲಿಳಿದು ಬರುವಷ್ಟರಲ್ಲಿ ಪಾರ್ಕಿನ ಅಂಚಿನಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಗಾಡಿಯ ತುಂಬ ಸೈಟಿನ ಮೂಲೆಗೆ ಹುಗಿಯುವ ಬಾಂದುಕಲ್ಲು. ಅಳತೆಯವರು ಸರಪಳಿ, ಸುಣ್ಣದ ಬುಟ್ಟಿ ಹಿಡಿದು ನಿಂತಿದ್ದರು. ಅಧ್ಯಕ್ಷರೂ ಬಂದಿದ್ದರು. ಆದರೆ ಯಾರೂ ಒಳಗೆ ಕಾಲಿಟ್ಟಿರಲಿಲ್ಲ. ಬಯಲಿನ ಉದ್ದಗಲಕ್ಕೂ ಭಟ್ಟಿಯ ಭತ್ತ ಹರವಿತ್ತು.

ಗಾಡಿಯವನು ಆವರಗೆರೆಯ ರೈತ. ನೊಗದ ಮೇಲೆ ಕೈಯಿಟ್ಟು ಕಲ್ಲಾಗಿ ನಿಂತಿದ್ದ. ಹೊಡೆಯಪ್ಪ ಗಾಡಿ ಎಂದು ಅಳತೆಯವನು ಗದರಿಸಿದ. ಅವನು ತಲೆ ಅಲ್ಲಾಡಿಸಿದ.

"ಕಾಳಿನ ಮ್ಯಾಲೆ ಗಾಲಿ ಹಾಯಿಸೋನಲ್ರಿ ನಾನು. ನಾಳೆ ನನ್ ಕಣಕ್ಕೆ ಕಾಳು ಬರ್ಬೇಕಲ್ರಿ."

ಅಳತೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪಲಿ ಕಾಲಲ್ಲಿ ಭತ್ತ ತುಳಿಯುವುದು ಆಗದ ಮಾತು, ಬರಿಗಾಲಲ್ಲಿ ಹೋದರೂ ಅದರ ಮೇಲೆ ಸುಣ್ಣ ಚೆಲ್ಲಿ ಗುಂಡಿ ತೋಡುವವರು ಯಾರು? ಅಧ್ಯಕ್ಷರು ತಮಗರಿವಿಲ್ಲದೆಯೇ ಮೆಟ್ಟು ಕಳಚಿ ಅಂಚಿನಲ್ಲಿ ನಿಂತುಬಿಟ್ಟಿದ್ದರು. ಒಂದು ಕಾಳು ಕಾಲ ಬಳಿ ಸಿಡಿದು ಬಿದ್ದಿದ್ದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ರಾಶಿಯ ಕಡೆ ಹಾಕಿದರು. ಲಕ್ಷ್ಮಿಯಲ್ಲವೇ. ಎತ್ತಿಸಲು ಆಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಅರ್ಧ ಒಣಗಿದ್ದನ್ನು ಎತ್ತಿದರೆ ಮುಗ್ಗು ಹಿಡಿಯುತ್ತದೆ ಎಂದು ಆ ಅಮ್ಮ ಮಗುಚುವುದನ್ನು ನಿಲ್ಲಿಸದೆಯೇ ಹೇಳಿದರು. ಕಾಳು ಎತ್ತಿದ ಮೇಲೆ ಬರುತ್ತೇವೆಂದು ಅಧ್ಯಕ್ಷರು ಹೊರಟರು. ಗಾಡಿಯೂ ತಿರುಗಿತು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇಲಿ, ಮುಳ್ಳು, ನನ್ನ ಬಾಯಿ, ಯಾವುದೂ ಮಾಡದ ಕೆಲಸವನ್ನು ಬೇಯಿಸಿದ ಭತ್ತ ಮಾಡಿತ್ತು. ಅಷ್ಟು ದಿನ ಯಾರನ್ನು ಅಟ್ಟುತ್ತಿದ್ದೆನೋ ಅವರ ಬಳಿಯೇ ಹೋಗಿ ಕೇಳಿಕೊಂಡೆ. ದಿನವೂ ಹರವಿರಿ, ಈ ಕಡೆಯದು ಎತ್ತುವ ಮೊದಲು ಆ ಕಡೆ ಹಸಿಯದು ಹಾಕಿರಿ, ಸಾಲದಿದ್ದರೆ ಬೇರೆ ಭಟ್ಟಿಯವರನ್ನೂ ಕರೆಯಿರಿ ಎಂದೆ.

"ನಿನ್ನೆ ತಂಕ ಮುಳ್ಳು ಹಾಕ್ತಿದ್ರಿ," ಎಂದು ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಜಾಗಾ ಉಳೀಬೇಕು ಅನ್ನೋದು ನಮಗೂ ಐತೆ. ಆದ್ರೆ ಸಾಹೇಬ್ರ, ಬಿಸ್ಲು ಇರೋತಂಕ ಅಷ್ಟೇ ನನ್ ಆಟ."

ಆ ಬೇಸಿಗೆಯಿಡೀ ನಾನು ಭತ್ತ ಕಾದೆ. ಕೋಳಿ ಅಟ್ಟಿದೆ, ಗುಬ್ಬಿ ಅಟ್ಟಿದೆ, ಗಿರಣಿಯವರಿಗೆ ಕಾಳಿನ ನಡುವೆ ಓಣಿ ಬಿಡಿಸಿಕೊಟ್ಟೆ. ಅವರು ಆ ಓಣಿ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡುತ್ತಿರಲಿಲ್ಲ. ನನ್ನ ಕಲ್ಲಿಗೆ ಇಲ್ಲದ ಮರ್ಯಾದೆ! ಗಾಡಿ ಆಗಾಗ ಬಂದು ನೋಡಿ ಹೋಗುತ್ತಿತ್ತು. ಬಡಾವಣೆಯ ದೊಡ್ಡಮನುಷ್ಯರು ಮಾತ್ರ, ಇವನಿಗೆ ಪಾರ್ಕು ಮಾಡು ಎಂದರೆ ಕಣ ಮಾಡಿ ಕೂತಿದ್ದಾನೆ ಎಂದು ಸಮಿತಿಗೆ ದೂರು ಕೊಟ್ಟರು. ಪಾರ್ಕು ಉಳಿಸುವವನ ಮೇಲೆ ಪಾರ್ಕು ಬೇಕೆನ್ನುವವರದೇ ದೂರು. ಅವರಲ್ಲಿ ಒಬ್ಬರಾದರೂ ಅಧ್ಯಕ್ಷರ ಮುಂದೆ ನಿಂತು ಇದು ನಕ್ಷೆಯಲ್ಲಿ ಪಾರ್ಕು ಎಂದು ಹೇಳಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮುಂಗಾರು ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಊರೆಲ್ಲ ಮಳೆ ಬಂತೆಂದು ಹಿಗ್ಗಿತು. ಭಟ್ಟಿಯ ಭತ್ತ ಒಳಗೆ ಹೋಯಿತು. ಬಯಲು ಬರಿದಾಗಿ ನಿಂತದ್ದು ನೋಡಿ ನಾನೊಬ್ಬ ಮೋಡಕ್ಕೆ ಶಾಪ ಹಾಕುತ್ತಾ ಛತ್ರಿ ಹಿಡಿದು ಕಾದೆ. ಕೆಸರಲ್ಲಿ ಗಾಲಿ ಹೂಳುತ್ತದೆಂದು ಗಾಡಿ ಬರಲಿಲ್ಲ. ಬಂದದ್ದು ಗರಿಕೆ.

ಸತ್ತೇ ಹೋಯಿತೆಂದು ನಾನು ಕೈಬಿಟ್ಟಿದ್ದ ಹೊಳೆದಂಡೆಯ ಗರಿಕೆ ಬಿರುಕುಗಳ ಒಳಗಿಂದ ತಲೆ ಎತ್ತಿತು. ಪೊರಕೆ ಕೆರೆದಿದ್ದ ಕಡೆಯೇ ಬೇರು ಹರಡಿಕೊಂಡಿತ್ತೋ ಏನೋ, ದಿನ ದಿನಕ್ಕೆ ಕಪ್ಪು ಮುಚ್ಚಿ ಹಸಿರು ಹಬ್ಬಿತು. ನಾನು ಅದರ ಮೇಲೆ ಬರಿಗಾಲಲ್ಲಿ ನಡೆದೆ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಅಧ್ಯಕ್ಷರು ಕೇಳಿದ್ದು ಹಸಿರು. ಯುಗಾದಿಗೆ ಬರಲಿಲ್ಲ, ಈಗ ಬಂದಿದೆ. ನೋಡಿದರೆ ಮನಸ್ಸು ತಿರುಗೀತೆಂದು ನಾನೇ ಅವರ ಅಂಗಡಿಗೆ ಹೋಗಿ, ಒಮ್ಮೆ ಬಂದು ನೋಡಿ ಎಂದು ಕರೆದುಬಂದೆ.

ಮಳೆ ಹೊಳವಾದ ಒಂದು ಬೆಳಿಗ್ಗೆ ಅವರು ಬಂದರು. ಜೊತೆಗೆ ಒಳ್ಳೆಯ ಕೋಟು ತೊಟ್ಟ ಇಬ್ಬರು ಇದ್ದರು. ಮೂವರೂ ಮೆಟ್ಟು ಹಾಕಿಕೊಂಡೇ ಹುಲ್ಲಿನ ಮೇಲೆ ನಡೆದು ನಡುವಿಗೆ ಬಂದರು. ಅಧ್ಯಕ್ಷರು ಸುತ್ತ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

"ಭಾಳ ಚಲೋ ಬೆಳ್ಸೀರಿ. ಸೈಟು ನೋಡಾಕ ಬಂದೋರಿಗೆ ಕಣ್ಣಿಗೆ ತಂಪಾಗಿ ಕಾಣ್ತೈತೆ."

ಅಷ್ಟರಲ್ಲಿ ಹಿಂದೆ ಗಾಲಿಯ ಸದ್ದು. ಅದೇ ಆವರಗೆರೆಯ ಗಾಡಿ, ಅವೇ ಕಲ್ಲುಗಳು. ನಾನು ಅಡ್ಡ ಓಡಿ ಹೋಗಿ, ಬೇಸಿಗೆಯಲ್ಲಿ ನಿಲ್ಲಿಸಿದ್ದೆಯಲ್ಲಪ್ಪ, ಈಗಲೂ ನಿಲ್ಲಿಸು ಎಂದೆ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಕೆಟ್ಟವನಲ್ಲ ಅವನು. ನನ್ನ ಮುಖ ನೋಡಿದ, ನೆಲ ನೋಡಿದ.

"ಇದು ಬರೀ ಹುಲ್ಲು ಐತಲ್ರೀ ಸಾಹೇಬ್ರ," ಎಂದ.

ಭಟ್ಟಿಯ ಅಮ್ಮ ತಮ್ಮ ಬಾಗಿಲಲ್ಲಿ ಸೆರಗು ಹೊದ್ದು ನಿಂತು ನೋಡುತ್ತಿದ್ದರು. ಮುಂದಿನ ಬೇಸಿಗೆಗೆ ಭತ್ತ ಎಲ್ಲಿ ಹರವಬೇಕೆಂದು ಅವರು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಹೇಳಲಿಕ್ಕೆ ನನ್ನ ಬಳಿ ಜಾಗ ಇರಲಿಲ್ಲ.

ಗಾಲಿಗಳು ಹಸಿರಿನ ಮೇಲೆ ಎರಡು ಕಪ್ಪು ಗೆರೆ ಎಳೆಯುತ್ತಾ ಪಾರ್ಕಿನ ನಡುವಿಗೆ ಬಂದವು. ಅಲ್ಲಿ ಅವನು ಗಾಡಿ ನಿಲ್ಲಿಸಿದ, ಕೊರಳ ಕಣ್ಣಿ ಬಿಚ್ಚಿದ. ಎತ್ತುಗಳು ಹರಿಹರದ ಗರಿಕೆಗೆ ಬಾಯಿ ಹಾಕಿದವು.